ಬಲಗಡೆ ಖಾಲಿ

ನಮ್ಮ ನೊರ್ಡ್‌ಲಿಂಗೆನ್ ಊರಿನ ಗುಂಡನೆಯ ಕೋಟೆಗೋಡೆಯೊಳಗೆ ಗಾಡಿ ಓಡಿಸಬಲ್ಲವರಲ್ಲಿ ಅರ್ಧ ಜನ ಎಕ್‌ಹಾರ್ಟ್ ನಾಗ್ಲರ್ ಮೇಷ್ಟ್ರ ಕೈಯಲ್ಲಿ ಕಲಿತವರು. ನಾನೂ ಅವರಲ್ಲಿ ಒಬ್ಬಳು. ನಮ್ಮ ಕಡೆ ಸ್ಟಿಯರಿಂಗ್ ಎಡಕ್ಕೆ. ಮೂವತ್ತೈದು ವರ್ಷ ಅವರು ಕಲಿಯುವವರ ಬಲಗಡೆಯ ಸೀಟಿನಲ್ಲಿ, ತಮ್ಮದೇ ಬೇರೆ ಬ್ರೇಕಿನ ಮೇಲೆ ಕಾಲಿಟ್ಟು ಕೂತರು. ಒಬ್ಬರನ್ನೂ ಬೈದವರಲ್ಲ. ನಾವು ತಪ್ಪಿದರೆ ಬ್ರೇಕು ಒತ್ತಿ, ನಿಂತ ಗಾಡಿಯಲ್ಲಿ ತಣ್ಣಗೆ ಕೇಳುತ್ತಿದ್ದರು:

"ಈಗ ಯಾರನ್ನ ಕೊಂದೆ ಹೇಳು?"

"ಸೈಕಲ್ ಮೇಲಿದ್ದ ಅಜ್ಜನ್ನ, ಮೇಷ್ಟ್ರೇ."

"ಅವನಿಗೆ ಮೊಮ್ಮಕ್ಕಳೆಷ್ಟು?"

ಅದಕ್ಕೂ ಒಂದು ಉತ್ತರ ಹೇಳಬೇಕು. ಹೇಳದೆ ಗಾಡಿ ಮುಂದಕ್ಕೆ ಹೋಗುವಂತಿಲ್ಲ. ಅಷ್ಟು ಕೊಲೆಗಳ ಪಾಪ ಹೊತ್ತು ನಾವೆಲ್ಲ ಲೈಸೆನ್ಸು ಪಡೆದೆವು.

ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲು ದಾರಿ, ಇದು ನಮ್ಮ ಕಡೆಯ ಕಾಯಿದೆ. ಹಾಗಾಗಿ ಪಕ್ಕದಲ್ಲಿ ಕೂತವರು ಆ ಕಡೆ ಕತ್ತು ಚಾಚಿ ನೋಡಿ "ಬಲಗಡೆ ಖಾಲಿ" ಅನ್ನುವುದು ಮನೆಮನೆಯ ವಾಡಿಕೆ. ಮೇಷ್ಟ್ರ ಹೆಂಡತಿ ರೊಸ್ವಿತಾ ಈ ಮಾತನ್ನು ನಲವತ್ತಾರು ವರ್ಷ ಹೇಳಿದಳು. ಅವಳೂ ಒಂದು ಕಾಲದಲ್ಲಿ ಅವರ ಶಿಷ್ಯೆಯೇ. ಮದುವೆಯಾದ ವರ್ಷ ಚರ್ಚಿನ ಮೂಲೆಗೆ ಗಾಡಿಯನ್ನು ತರಚಿದಳು. "ಇನ್ನು ನೀನು ಬಲಕ್ಕೆ ನೋಡು, ಮಿಕ್ಕಿದ್ದನ್ನ ನಾನು ನೋಡ್ತೀನಿ" ಅಂದರು ಮೇಷ್ಟ್ರು. ಅಂದಿನಿಂದ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ.

ಪ್ರತಿ ಸೆಪ್ಟೆಂಬರಿನಲ್ಲಿ ಇಬ್ಬರೂ ಹಳೆಯ ಡೀಸೆಲ್ ಗಾಡಿಯಲ್ಲಿ ಒಂದೇ ದಾರಿ ಹಿಡಿದು ತಿರುಗಾಟಕ್ಕೆ ಹೋಗುತ್ತಿದ್ದರು. ಉಲ್ಮ್, ರಾವೆನ್ಸ್‌ಬುರ್ಗ್, ಲಿಂಡಾವು, ಗಡಿಯಾಚೆ ಬ್ರೆಗೆಂಜ್, ಬ್ಲುಡೆಂಜ್, ಅಲ್ಲಿಂದ ಘಟ್ಟ ಹತ್ತಿ ಇಳಿದು ಇನ್ಸ್‌ಬ್ರುಕ್. ಈಗ ಹೇಳಹೊರಟ ವರ್ಷ ಮೇಷ್ಟ್ರಿಗೆ ಎಪ್ಪತ್ತೆಂಟು. ವಯಸ್ಸಾಯಿತು, ಕಣ್ಣು ತೋರಿಸಿಕೊಂಡು ಬಾ ಅನ್ನುವ ಕಾನೂನು ನಮ್ಮಲ್ಲಿಲ್ಲ.

ಉಲ್ಮ್ ಹತ್ತಿರವಾಗುವಾಗ ಮೇಷ್ಟ್ರು ಕೇಳಿದರು, "ಆ ಫಲಕದಲ್ಲಿ ಏನು ಬರೆದಿದೆ?"

"ಯಾಕೆ, ಕಾಣಲ್ವಾ?"

"ಕಾಣುತ್ತೆ. ನಿನಗೆ ಕಾಣುತ್ತಾ ಅಂತ ಕೇಳ್ದೆ."

ರೊಸ್ವಿತಾ ನಕ್ಕಳು. ರಾವೆನ್ಸ್‌ಬುರ್ಗಿನಲ್ಲಿ ಗಾಡಿ ನಿಲ್ಲಿಸುವಾಗ ಬಲಗಡೆಯ ಕನ್ನಡಿ ಕಲ್ಲುಕಂಬಕ್ಕೆ ಬಡಿದು ಸೀಳಿತು. "ಈ ಕಂಬನ ಯಾವಾಗ ನೆಟ್ರು ಇವರು?" ಅಂದರು ಮೇಷ್ಟ್ರು. ಅದೇ ಕಂಬಕ್ಕೆ ಒರಗಿ ನಿಂತು ಇಪ್ಪತ್ತು ವರ್ಷದ ಹಿಂದೆ ಅವಳು ಫೋಟೋ ತೆಗೆಸಿಕೊಂಡಿದ್ದಳು. ಈ ಸಲ ಅವಳಿಗೆ ನಗು ಬರಲಿಲ್ಲ.

ಲಿಂಡಾವು ತಲುಪುವ ಹೊತ್ತಿಗೆ ಅವಳಿಗೊಂದು ಅರಿವಾಯಿತು: ಬೆಳಗಿನಿಂದ ತನ್ನ ಬಾಯಿ ಮುಚ್ಚಿಲ್ಲ. ಬಲಗಡೆ ಖಾಲಿ ಅನ್ನುವುದರ ಜೊತೆಗೆ "ಕೆಂಪು", "ಹಸಿರಾಯ್ತು", "ಸೈಕಲ್ ಬಂತು" ಎಲ್ಲವನ್ನೂ ಹೇಳುತ್ತಿದ್ದಾಳೆ. ಅವಳು ಹೇಳಿದ ಮೇಲೆಯೇ ಗಾಡಿ ನಿಲ್ಲುತ್ತಿದೆ, ಹೇಳಿದ ಮೇಲೆಯೇ ಹೊರಡುತ್ತಿದೆ. ಈ ಪರಿಪಾಠ ಯಾವ ವರ್ಷ ಶುರುವಾಯಿತೋ ಅವಳಿಗೆ ನೆನಪಾಗಲಿಲ್ಲ.

ಬ್ರೆಗೆಂಜಿನ ಸರೋವರದ ಬದಿಯ ರಸ್ತೆಯಲ್ಲಿ ಅವಳು ಮಡಿಲಲ್ಲಿ ಸೇಬು ಹೆಚ್ಚುತ್ತಿದ್ದಳು. ತಲೆ ಎತ್ತಿದಾಗ ರಸ್ತೆ ದಾಟುವ ಬಿಳಿ ಪಟ್ಟೆಗಳ ನಡುಮಧ್ಯೆ ಚೀಲವಿಟ್ಟ ಸಣ್ಣ ತಳ್ಳುಗಾಡಿ ಹಿಡಿದ ಮುದುಕಿಯೊಬ್ಬಳಿದ್ದಳು. ಗಾಡಿ ನಿಧಾನಿಸಲಿಲ್ಲ. ಮುದುಕಿ ಗಕ್ಕನೆ ಹಿಂದೆ ಸರಿದಳು. ತಳ್ಳುಗಾಡಿ ಮಗುಚಿತು, ಚೀಲದ ಆಲೂಗಡ್ಡೆಗಳೆಲ್ಲ ರಸ್ತೆಗೆ ಉರುಳಿದವು. ಮೇಷ್ಟ್ರು ಯಾವುದೋ ಹಾಡು ಗುನುಗುತ್ತ ಮುಂದೆ ಸಾಗಿದರು.

"ಎಕ್‌ಹಾರ್ಟ್, ಈಗ ಒಬ್ಬಳು ದಾಟ್ತಿದ್ಲು."

"ಎಲ್ಲಿ?"

ಅವಳು ಸೇಬನ್ನೂ ಚಾಕುವನ್ನೂ ಚೀಲಕ್ಕೆ ಹಾಕಿ, ರಸ್ತೆಯಿಂದ ಕಣ್ಣು ತೆಗೆಯದೆ ಕೂತಳು.

ಬ್ಲುಡೆಂಜಿನ ವಸತಿಗೃಹದಲ್ಲಿ ಸಾರು ಬಡಿಸುತ್ತ ಯಜಮಾನಿ ಹೇಳಿದಳು, "ನಾಳೆ ಘಟ್ಟದ ಕಡೆ ಹೋಗ್ಬೇಡಿ. ಮೇಲೆ ಮಂಜು ಕೂತಿದೆ. ದಿನಾ ಓಡಾಡೋ ಲಾರಿಯವರೇ ನಿಂತುಬಿಟ್ಟಿದ್ದಾರೆ."

"ಮನೆಗೆ ಹೋಗೋಣ ಕಣೋ" ಅಂದಳು ರೊಸ್ವಿತಾ.

"ಘಟ್ಟ ಹತ್ತದೆ ವಾಪಸ್ ಹೋದ ವರ್ಷ ಇದೆಯಾ?" ಮೇಷ್ಟ್ರು ಚಮಚ ಕೆಳಗಿಟ್ಟರು. "ಮಂಜಲ್ಲಿ ಎಲ್ಲರ ಕಣ್ಣೂ ಒಂದೇ."

ಅವಳು ಅವರ ಮುಖ ನೋಡಿದಳು. ತಮ್ಮ ಕಣ್ಣಿನ ವಿಷಯ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೊರಟಿದ್ದರು. ನಾಳೆಯ ಘಟ್ಟದಲ್ಲಿ ಒಂದು ಕಡೆ ಕಡಿದಾದ ಇಳಿಜಾರು, ಎದುರಿನಿಂದ ಬರುವ ಬಸ್ಸು, ಅದರಲ್ಲಿ ಎಷ್ಟು ಜನವೋ. ಕೀಲಿ ಬಚ್ಚಿಟ್ಟರೆ ಜಗಳವಾಡುತ್ತಾರೆ, ಜಗಳ ಮುಗಿದರೆ ಮತ್ತೆ ಓಡಿಸುತ್ತಾರೆ. ತನ್ನ ಬಾಯಿರುವ ತನಕ ಈ ಮನುಷ್ಯ ಓಡಿಸುತ್ತಲೇ ಇರುತ್ತಾನೆ ಎಂದು ಅವಳಿಗೆ ಮನವರಿಕೆಯಾಯಿತು.

ಮರುದಿನ ಬೆಳಿಗ್ಗೆ ಗಾಡಿ ಊರಂಚಿನ ಕೂಡುರಸ್ತೆಗೆ ಬಂತು. ಅಲ್ಲಿ ಫಲಕವಿಲ್ಲ, ದೀಪವಿಲ್ಲ. ಮೇಷ್ಟ್ರು ನಿಲ್ಲಿಸಿದರು. ಹಿಂದೆ ಯಾರೂ ಇರಲಿಲ್ಲ.

"ಬಲಗಡೆ?"

ಅವಳು ಬಲಕ್ಕೆ ಕತ್ತು ಚಾಚದೆ ನೇರ ಮುಂದೆ ನೋಡಿದಳು.

"ರೊಸ್ವಿತಾ, ಬಲಗಡೆ?"

"ನೀನೇ ನೋಡು."

ಮೇಷ್ಟ್ರು ಬಲಕ್ಕೆ ತಿರುಗಿದರು. ತುಂಬಾ ಹೊತ್ತು, ಶಿಷ್ಯರಿಗೆ ಹೇಳಿಕೊಟ್ಟ ಹಾಗೆಯೇ, ಕತ್ತು ಪೂರ್ತಿ ಹೊರಳಿಸಿ ನೋಡಿದರು. ಅವರ ನೋಟ ಹೋದ ನೇರದಲ್ಲೇ ಬೆಳ್ಳಗಿನ ಹಾಲಿನ ಲಾರಿಯೊಂದು ಇಳಿಜಾರಿನಲ್ಲಿ ಬರುತ್ತಿತ್ತು. ಅದರ ಚಾಲಕನ ಕೆಂಪು ಟೋಪಿಯೂ ರೊಸ್ವಿತಾಗೆ ಕಾಣುವಷ್ಟು ಹತ್ತಿರವಿತ್ತು.

"ಖಾಲಿ" ಅಂದರು ಮೇಷ್ಟ್ರು. ಕ್ಲಚ್ಚಿನಿಂದ ಕಾಲೆತ್ತಿದರು.

ಅವಳು ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆದಳು. ಪಕ್ಕದಲ್ಲಿ ಕೂತವರ ಕೈಗೆ ಎಟುಕುವುದು ಇದೊಂದೇ ಎಂದು ಹಿಂದೆ ಕಲಿಸಿದವರು ಅವರೇ. ಗಾಡಿ ಮುಗ್ಗರಿಸಿ ಆರಿಹೋಯಿತು. ಲಾರಿ ಹಾರ್ನ್ ಒತ್ತುತ್ತ ಮೂಗಿನ ಮುಂದೆ ಹಾದಾಗ ಗಾಜುಗಳೆಲ್ಲ ನಡುಗಿದವು.

ಲಾರಿ ಹೋದ ಮೇಲೆ ರೊಸ್ವಿತಾ ದನಿ ಏರಿಸದೆ ಕೇಳಿದಳು:

"ಈಗ ಯಾರನ್ನ ಕೊಂದೆ ಹೇಳು?"

ಲಾರಿ ಬಂದದ್ದು ಬಲಗಡೆಯಿಂದ. ಬಲಗಡೆಯ ಸೀಟಿನಲ್ಲಿ ಕೂತಿದ್ದವಳು ಅವಳು.

"ನಿನ್ನನ್ನ" ಅಂದರು ಮೇಷ್ಟ್ರು.

ಅವಳು ಇಳಿದು ಸುತ್ತಿ ಬಂದು ಅವರ ಬಾಗಿಲು ತೆರೆದಳು. "ನಲವತ್ತಾರು ವರ್ಷ ಆಯ್ತಲ್ಲೇ ನೀನು ಓಡಿಸಿ" ಅಂದರು. "ನೀನೇ ಕಲಿಸಿದ್ದು. ಚೆನ್ನಾಗಿ ಕಲಿಸಿದ್ದರೆ ಮನೆ ಸೇರ್ತೀವಿ" ಅಂದಳು. ಸಣ್ಣ ರಸ್ತೆಗಳನ್ನೇ ಹಿಡಿದು ಇಡೀ ದಿನ ಓಡಿಸಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಲೇ ಇದ್ದರು. ಕೂಡುರಸ್ತೆಗಳಲ್ಲಿ ಅವಳು ಏನೂ ಕೇಳಲಿಲ್ಲ. ತಾನೇ ಮುಂದಕ್ಕೆ ಬಾಗಿ ಬಲಕ್ಕೆ ನೋಡಿದಳು.

ಇದಿಷ್ಟನ್ನೂ ಅವಳು ಊರಿಗೆ ಬಂದ ಮೇಲೆ, ತನ್ನ ಮನೆಯಲ್ಲಿ, ಪ್ಲಮ್ ಹಣ್ಣಿನ ಕೇಕು ಕೊಯ್ಯುತ್ತ ನನಗೆ ಹೇಳಿದಳು. ಗಂಡಾಂತರ ಕಳೆಯಿತಲ್ಲ, ಇನ್ನು ನೆಮ್ಮದಿಯಾಗಿರಿ ಅಂದೆ ನಾನು. ಅವಳು ಕಿಟಕಿಯ ಕಡೆ ಕೈ ತೋರಿಸಿದಳು.

ಅಂಗಳದಲ್ಲಿ ಮೇಷ್ಟ್ರು ಗಾಡಿಯ ಮುಂದೆ ಮಂಡಿಯೂರಿದ್ದರು. ಮುಂದಿನ ಬಂಪರಿನ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸವರುತ್ತಿದ್ದರು. ನಾನು ಹೊರಗೆ ಹೋದೆ.

"ಏನು ಹುಡುಕ್ತಿದ್ದೀರಿ, ಮೇಷ್ಟ್ರೇ?"

"ಬ್ರೆಗೆಂಜಿನ ಮುದುಕಿಯನ್ನ ರೊಸ್ವಿತಾ ಕಂಡಳು" ಅಂದರು. "ಅವಳು ಜೊತೆಗಿಲ್ಲದೆ ನಾನೊಬ್ಬನೇ ಓಡಿಸಿದ ದಿನಗಳು ಎಷ್ಟೋ ಇವೆಯಲ್ಲಮ್ಮ. ಚಳಿಗಾಲದಲ್ಲಿ ಒಂದು ಸಂಜೆ, ಕಾಡಿನ ರಸ್ತೆಯಲ್ಲಿ ಗಾಡಿಗೆ ಏನೋ ತಾಗಿತ್ತು. ಜಿಂಕೆ ಅಂದ್ಕೊಂಡು, ಇಳಿದು ನೋಡದೆ ಬಂದುಬಿಟ್ಟೆ."

ನಾನು ಬಂಪರನ್ನು ನೋಡಿದೆ. ಎಡತುದಿಯಲ್ಲಿ ಅಂಗೈಯಗಲ ಒಂದು ತಗ್ಗು ಇತ್ತು. ಅವರ ಕೈ ಅದರ ಹತ್ತಿರ ಹತ್ತಿರಕ್ಕೆ ಹೋಗುತ್ತಿತ್ತು.