ಹಿಂದೆ ಕೂತ ಜನ

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಮಡಿಕೇರಿ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು. ಆಮೇಲೆ ಅವರಿಗೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹತ್ತಿತು. ಆ ಆಟಕ್ಕೆ ಬೇರೆಯಾಗಿ ಕೊಳ್ಳಬೇಕಾದ ವಿಮಾನಗಳನ್ನು ಸಂತೆಯಲ್ಲಿ ಎತ್ತು ನೋಡಿದಂತೆ ನೋಡುತ್ತಿದ್ದರು. ಒಂದೇ ಗುಂಡಿ ಒತ್ತಿದರೆ ಹೊರಡುವಂಥದ್ದನ್ನು ಆಟದ ಸಾಮಾನೆಂದು ತಳ್ಳಿಹಾಕಿದರು. ಒಂಟಿ ಇಂಜಿನ್ನಿನದಂತೂ ಬೇಡವೇ ಬೇಡ.

"ಒಂದು ಕೈಕೊಟ್ರೆ ಇನ್ನೊಂದಿರ್ಬೇಕು ಕಣಪ್ಪ. ಹಿಂದೆ ಜನ ಕೂತವ್ರೆ."

ಕೊನೆಗೆ ಎರಡು ಇಂಜಿನ್ನಿನ ಪುಟ್ಟ ವಿಮಾನವೊಂದನ್ನು ಕೊಂಡರು. ಅದರ ಇಂಜಿನ್ ಬಿಸಿಯಾಗುವವರೆಗೂ ಕೈಕಟ್ಟಿ ಕೂರುತ್ತಿದ್ದರು. ಹೊರಡುವ ಮುಂಚೆ, ಬಸ್ಸಿನಲ್ಲಿ ಕನ್ನಡಿ ಇರುತ್ತಿದ್ದ ಜಾಗಕ್ಕೆ ಒಮ್ಮೆ ಕಣ್ಣೆತ್ತುತ್ತಿದ್ದರು.

ಒಂದು ಸಂಜೆ ನಾನು ಪಕ್ಕದಲ್ಲಿದ್ದಾಗ, ಮೈಸೂರಿನಿಂದ ಮೇಲೇರುತ್ತಲೇ ಎಡಗಡೆ ಇಂಜಿನ್ ನಿಂತಿತು. ವಿಮಾನ ಎಡಕ್ಕೆ ಎಳೆಯತೊಡಗಿತು.

"ಆಟ ತಾನೇ, ಬುಡಿ ಅಣ್ಣ. ಮೊದ್ಲಿಂದ ಶುರು ಮಾಡಿ," ಎಂದೆ.

ಅವರು ಮೇಜಿನ ಕೆಳಗೆ ಜೋಡಿಸಿಕೊಂಡಿದ್ದ ಬಲಗಾಲಿನ ಪೆಡಲನ್ನು ಒತ್ತಿಹಿಡಿದು, ಬೆವರುತ್ತ, ನಿಧಾನವಾಗಿ ತಿರುಗಿಸಿ ತಂದು ಅದೇ ರನ್‌ವೇಯಲ್ಲಿ ಇಳಿಸಿದರು. ಉಳಿದ ಇಂಜಿನ್ನನ್ನೂ ಆಫ್ ಮಾಡಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಅಲ್ಲಿದ್ದದ್ದು ಬಟ್ಟೆ ಒಣಹಾಕಿದ ಹಗ್ಗ ಮಾತ್ರ.

"ನಿಧಾನಕ್ಕೆ ಇಳೀರಪ್ಪ," ಎಂದರು.

ನಾನು ಕುರ್ಚಿ ಸರಿಸಿ ದಾರಿ ಬಿಟ್ಟೆ.