ಕಲ್ಲಿನ ಈಚೆಗೆ ಬಂದ ಹುಣಸೆಮರ

ಬೆಳಿಗ್ಗೆ ಸಾರಿಗೆಂದು ಹುಣಸೆಹಣ್ಣು ನೆನೆಹಾಕಿದೆ. ಪ್ಯಾಕೆಟ್ ಮೇಲೆ ‘ಸೀಡ್‌ಲೆಸ್’ ಎಂದಿತ್ತು. ಬೀಜ ಸಿಕ್ಕೇ ಸಿಕ್ಕವು. ಬೇಜಾರಾಗಲಿಲ್ಲ. ಬಿಸಿನೀರಿನಿಂದೆದ್ದ ಆ ಹುಳಿ ವಾಸನೆ ನನ್ನನ್ನು ಚಿಕ್ಕಬಳ್ಳಾಪುರದ ಈ ಅಡುಗೆಮನೆಯಿಂದ ಮೇಲೂರಿನ ಕಡೆಯ ನಮ್ಮ ಗುಂಡುತೋಪಿಗೆ ಕರೆದೊಯ್ದಿತ್ತು.

ಗುಂಡುತೋಪು ನಿಮಗೂ ಗೊತ್ತಿರಬಹುದು: ಊರ ಹೊರಗೆ ಯಾರೊಬ್ಬರದೂ ಅಲ್ಲದ, ಹಾಗಾಗಿ ಎಲ್ಲರದೂ ಆದ ಮರಗಳ ಗುಂಪು. ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯ ಹೊಸತರಲ್ಲಿ ಅದನ್ನು ‘ಪಾರ್ಕ್’ ಎಂದು ಕರೆದು, ಬೆಂಚ್ ಎಲ್ಲಿದೆ ಎಂದು ಬೇರೆ ಕೇಳಿ ನಗೆಪಾಟಲಾಗಿದ್ದೆ. ಅದರ ಅಂಚಿನಲ್ಲೊಂದು ಭಾರಿ ಹುಣಸೆಮರ. ಚಳಿ ಕಳೆದು ಬಿಸಿಲು ಬಲಿಯುವಾಗ ಹಣ್ಣು ಉದುರಿಸಿ, ಮರದ ಕೆಳಗೇ ರಾಶಿ ಹಾಕಿ, ಮನೆಗೊಂದು ಮಂಕರಿಯಂತೆ ಹಂಚುತ್ತಿದ್ದರು. ದೊಡ್ಡ ಮನೆಗೂ ಒಂದೇ, ಚಿಕ್ಕ ಮನೆಗೂ ಒಂದೇ. ಪಾಲು ಬೇಕಾದವರು ಅಲ್ಲಿಗೇ ಬರಬೇಕು.

ಮರಕ್ಕೆ ತಾಗಿದಂತೆ ನನ್ನ ಓರಗಿತ್ತಿ ನಂಜಕ್ಕನ ಪುಟ್ಟ ಹಿಪ್ಪುನೇರಳೆ ತೋಟ. ಅವಳ ಮನೆಯಲ್ಲಿ ಮೊದಲ ಮರ್ಯಾದೆ ರೇಷ್ಮೆಹುಳುವಿಗೆ. ನಡುಮನೆ ತುಂಬ ತಟ್ಟೆಗಳು. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದು ಸೊಪ್ಪಿಗೆ ಬಿದ್ದವೆಂದರೆ ಮನುಷ್ಯರಿಗೆ ಜಗಲಿಯೇ ಗತಿ. ಒಗ್ಗರಣೆಯ ಹೊಗೆ ಹುಳುವಿಗೆ ಆಗದೆಂದು ಒಲೆಯೂ ಹಿತ್ತಲಿಗೆ ಹೋಗುತ್ತಿತ್ತು. ಗೆಸ್ಟ್ ಆಗಿ ಹೋದ ನಾನು, ಅವು ಮೇಯುವ ಸದ್ದನ್ನು ಮಳೆಯೆಂದುಕೊಂಡು ಹಪ್ಪಳ ಎತ್ತಲು ಓಡಿದ್ದುಂಟು. ಬೇರೆ ಹುಳುಮನೆ ಕಟ್ಟಿಸಬೇಕೆಂಬುದು ನಂಜಕ್ಕನ ಬಹುದಿನದ ಆಸೆ. ತೋಟದಲ್ಲಿ ಕಟ್ಟಿದರೆ ಸೊಪ್ಪಿಗೆ ನೆಲ ಸಾಲದು. ಸೊಂಟ ನೆಟ್ಟಗಿರುವಾಗಲೇ ತನ್ನ ಮನೆಯೊಳಗೆ ತಾನು ಮಲಗಬೇಕು ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟರು. ಹುಣಸೆಮರವೂ ಅದರ ಸುತ್ತಲಿನ ನೆಲವೂ ತೋಪಿನದಲ್ಲ, ನಂಜಕ್ಕನ ತೋಟಕ್ಕೇ ಸೇರಿದ್ದು ಎಂದಾಯಿತು. ತಲೆಮಾರುಗಳಿಂದ ನಮ್ಮವರು ತಮ್ಮದೇ ಮರವನ್ನು ಊರಿನದೆಂದು ಬಿಟ್ಟು ಉಳುತ್ತ ಬಂದಿದ್ದರು! ನಂಜಕ್ಕನ ಗಂಡ, ನನ್ನ ಭಾವನಿಗೆ ಹಿಗ್ಗು. ಮರ ಕಡಿಸಿ ಹುಳುಮನೆಗೆ ಪಾಯ ತೆಗೆಸುವುದೆಂದು ಅಂದೇ ಗಾರೆಯವರನ್ನು ವಿಚಾರಿಸಿ ಬಂದರು.

ನಂಜಕ್ಕ ಚಿಂತಾಮಣಿ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ತಿರುಗುವವಳು. ಆ ಸಂಜೆ ನಾನೂ ಅಲ್ಲೇ ಇದ್ದೆ, ಅವಳ ಬಾಯಿಂದ ತೆಲುಗು ಬರಲಿಲ್ಲ. ಸೊಪ್ಪು ಬಿಡಿಸುತ್ತಲೇ ಬೇಡವೆಂದಳು.

“ಹುಳುಮನೆ ಬೇಕು ಅಂದಿದ್ದು ನೀನೇ ಅಲ್ವೇನೇ? ಸರ್ಕಾರದ ಕಲ್ಲೇ ಹೇಳ್ತಾ ಐತೆ, ನಮ್ದು ಅಂತ” ಎಂದರು ಭಾವ.

“ಕಲ್ಲು ಇವತ್ತು ಬಂದಿದ್ದು. ಬರಗಾಲದಾಗೆ ಬಿಂದಿಗೇಲಿ ನೀರು ಹೊತ್ತು ಈ ಮರ ಉಳಿಸಿದ್ದು ಊರೋರು. ಅವರ ಎದುರಿಗೆ ಕೊಡಲಿ ಎತ್ತುತೀರಾ?”

“ಹಂಗಾದ್ರೆ ಜಗಲೀಲೇ ಬಿದ್ದಿರು.”

“ಬಿದ್ದಿರ್ತೀನಿ. ನೀವೂ ಪಕ್ಕದಾಗೇ ಬಿದ್ದಿರ್ತೀರಲ್ಲ.”

ಭಾವ ಕೆಲವು ದಿನ ಮಾತು ಬಿಟ್ಟರು, ಊಟ ಬಿಡಲಿಲ್ಲ. ಹಣ್ಣಿನ ಕಾಲಕ್ಕೆ ನಂಜಕ್ಕ ತಾನೇ ಮನೆಮನೆಗೆ ಹೇಳಿಕಳಿಸಿದಳು. ಸಾಲಿನಲ್ಲಿ ನಿಂತು ಎಲ್ಲರಂತೆ ಒಂದೇ ಮಂಕರಿ ತುಂಬಿಸಿಕೊಂಡಳು. ಯಾರೋ ಮೇಲೊಂದು ಬೊಗಸೆ ಹಾಕಲು ಬಂದಾಗ ಮಂಕರಿಯನ್ನು ಹಿಂದಕ್ಕೆಳೆದುಕೊಂಡಳು. ‘ಕಾಮನ್ ಪ್ರಾಪರ್ಟಿ’ ಎಂಬುದನ್ನು ನಾನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಓದಿದ್ದೆ. ಅದಕ್ಕಾಗಿ ಒಬ್ಬರು ವರ್ಷಗಟ್ಟಲೆ ಜಗಲಿಯ ಚಳಿಯಲ್ಲಿ ಮಲಗಿದ್ದನ್ನು ನೋಡಿದ್ದು ಅವಳಲ್ಲೇ.

ಇವತ್ತು ಸಾರು ಇಳಿಸಿದವಳೇ ಅವಳಿಗೆ ಫೋನ್ ಮಾಡಿದೆ. ವಯಸ್ಸಿಗೆ ಅವಳ ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. ಹಣ್ಣು ಉದುರಿಸುವುದು ನಾಳೆಯಂತೆ. ನಮ್ಮದೂ ಬೇರೆ ಮನೆ ತಾನೆ, ನನ್ನ ಪಾಲನ್ನು ಯಾರ ಕೈಯಲ್ಲಾದರೂ ಕಳಿಸಿಬಿಡು ಅಕ್ಕ, ಪ್ಲೀಸ್ ಎಂದೆ.

“ಹಂಗೆಲ್ಲ ಕಳಿಸಕ್ಕೆ ಅದೇನು ನಮ್ಮ ಸ್ವಂತದ್ದೇನಮ್ಮ? ಬೇಕಿದ್ರೆ ಬಂದು ಮರದ ಕೆಳಗೆ ನಿಂತ್ಕೊ.”

ಡಾಕ್ಟರ್ ಬಸ್ ಹತ್ತಬೇಡಿ ಎಂದಿದ್ದಾರೆ. ನಮ್ಮೂರ ಕಡೆ ಹೋಗುವ ಶಿಡ್ಲಘಟ್ಟದ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಪಕ್ಕದ ಮನೆಯವರನ್ನು ಕೇಳಬೇಕು.