ಕ್ರಾಸ್ತಾ ಮೇಷ್ಟ್ರ ಕಡಲ ಕಾನೂನು

ಕುಂದಾಪುರದಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುವ ಪಾಸ್ಕಲ್ ಕ್ರಾಸ್ತಾ ಮೇಷ್ಟ್ರು ಪಾಠಕ್ಕೆ ಮುಂಚೆ ಕಡಲಿನ ಕಡೆಯ ಕಿಟಕಿ ತೆರೆಯುತ್ತಾರೆ. ಗಾಳಿ ಒಳಗೆ ಬಂದರೆ ಅರ್ಧ ಪಾಠ ಆದಂತೆ ಎಂಬುದು ಅವರ ನಂಬಿಕೆ. ಯಾವ ಒಪ್ಪಂದದ ಹೆಸರೆತ್ತಿದರೂ ಅವರು ಮೆಲ್ಲಗೆ ಹಿಂದಕ್ಕೆ ತೇಲುತ್ತ, ಸಮುದ್ರದಾಚೆಯ ಅಪರಿಚಿತರಿಗೂ ಹಕ್ಕುಗಳಿವೆ ಎಂದು ಶತಮಾನಗಳ ಹಿಂದೆ ವಾದಿಸಿದ ಸ್ಪೇನಿನ ಪಾದ್ರಿಗಳನ್ನು ತಲುಪುತ್ತಾರೆ; ಅಲ್ಲಿಂದ ‘ನೆರೆಯವನನ್ನು ಪ್ರೀತಿಸು’ ಎಂಬ ಬೈಬಲ್ ಮಾತಿಗೆ ಇಳಿದರೆ ಗಂಟೆ ಹೊಡೆದದ್ದೂ ಕೇಳಿಸುವುದಿಲ್ಲ. ಮೀನುಗಾರರ ಮನೆಯ ಮೋಕ್ಷಿತಾ ಕೆಣಕುತ್ತಾಳೆ: “ನಮ್ಮ್ ಅಪ್ಪಯ್ಯ ಬೈಬಲ್ ಕಂಡದ್ದೇ ಇಲ್ಲ ಸಾರ್. ಆದ್ರೂ ಬೇರೆ ದೋಣಿ ಮುಳುಗ್ತಿದ್ರೆ ಮೀನ್ ಬಲೆ ಕಡ್ದ್ ಬಿಟ್ಟ್ ಅವ್ರನ್ನ್ ಉಳ್ಸುಕೆ ಓಡ್ತ್ರ್. ಅದೆಂತ ಕಾನೂನ್?” ಮೇಷ್ಟ್ರ ಮುಖ ಅರಳುತ್ತದೆ. “ಅದೇ ಹೆಣ್ಣೇ! ಪುಸ್ತಕ ಓದದೇ ಇದ್ದವ್ರ ಎದೆಯೊಳ್ಗೂ ದೇವ್ರ್ ಬರ್ದಿಟ್ಟಿದ್ರ್. ನೈಸರ್ಗಿಕ ಕಾನೂನ್ ಅಂದ್ರೆ ಅದೇ.” ಆಪತ್ತಿನಲ್ಲಿ ಇದ್ದವರನ್ನು ಕಂಡ ಹಡಗು ನೆರವಿಗೆ ಹೋಗಲೇಬೇಕು ಎಂಬ ನಿಯಮಕ್ಕೆ ಬಂದಾಗ ಮಾತ್ರ ಅವರ ದನಿ ತಗ್ಗುತ್ತದೆ. ಅವರ ತಮ್ಮ ವಲೇರಿಯನ್ ಇದ್ದ ದೋಣಿ ಕೆಟ್ಟು ತೇಲುತ್ತಿದ್ದಾಗ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ದೊಡ್ಡ ಹಡಗೊಂದು ಹತ್ತಿರದಲ್ಲೇ ಹಾದುಹೋಯಿತಂತೆ. ಬದುಕಿ ಬಂದವನೊಬ್ಬ ಹಾಗೆಂದ; ವಲೇರಿಯನ್ ಬರಲಿಲ್ಲ. “ಮಂಜ್ ಇದ್ದಿತ್ತ್. ಅವ್ರಿಗ್ ಕಂಡಿರ್ಲಿಕ್ಕಿಲ್ಲ,” ಎನ್ನುತ್ತಾರೆ ಮೇಷ್ಟ್ರು, ಕಿಟಕಿಯತ್ತ ನೋಡುತ್ತ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡಲಲ್ಲಿ ಮಂಜು ಇರುವುದಿಲ್ಲ ಎಂದು ಮೋಕ್ಷಿತಾಳಿಗೆ ಚೆನ್ನಾಗಿ ಗೊತ್ತು. “ಹೌದ್ ಸಾರ್,” ಎನ್ನುತ್ತಾಳೆ ಅವಳು, “ದಟ್ಟ ಮಂಜ್.”